ಅತ್ತೆಯ ಕೈಯಲ್ಲಿ ನಲ್ಲಿ

ಚಂದ್ರನ ದಕ್ಷಿಣದೂರು
೨೨೦೪, ಉದ್ದ ಹಗಲಿನ ಒಂಬತ್ತನೇ ನಿದ್ದೆ ಮುಗಿದ ಮೇಲೆ

ಗದಗಿನ ನೀಲಗಂಗಾ ಅವರಿಗೆ,

ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಓದುವಾಗ ನಿಮಗಿನ್ನೂ ಮೂವತ್ತು, ಬರೆಯುತ್ತಿರುವ ನನಗೆ ನಲವತ್ತಾರು. ಏನೆಂದು ಕರೆಯಬೇಕೋ ತಿಳಿಯದೆ ಹೆಸರನ್ನೇ ಬರೆದಿದ್ದೇನೆ. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ಇಲ್ಲಿ ಮನೆಗೊಂದು ಜಿಗಿ ಇರುತ್ತದೆ. ಜಿಗಿ ಎಂದರೆ ದೂರದ ಕುಳಿಗಳಿಂದ ಮಂಜುಗಡ್ಡೆ ತರಲು ನಾವೇ ಕಟ್ಟಿಕೊಳ್ಳುವ ಪುಟ್ಟ ರಾಕೆಟ್. ಒಳಗೆ ಉರಿಯುವುದು ನೀವು ಹಿತ್ತಲಲ್ಲಿ ಪ್ರಯೋಗಿಸಿದ ಅದೇ ಮೇಣ. ಅದಕ್ಕೆ ಆಮ್ಲಜನಕ ಬಿಡುವ ಕೊಳವೆಗೆ ಅದೇ ನಲ್ಲಿ. ಕಂಪನಿಯವರ ಮದ್ದು ತುಂಬಿದ ರಾಕೆಟ್‌ಗಳು ನಮ್ಮದರ ಎರಡರಷ್ಟು ಹೊರುತ್ತವೆ, ಆದರೆ ಒಮ್ಮೆ ಹೊತ್ತಿಕೊಂಡರೆ ನಿಲ್ಲಿಸಲಾಗದು. ನಮ್ಮದು ಭಾರ, ಸೋಮಾರಿ, ಒಮ್ಮೊಮ್ಮೆ ನಡುಗುತ್ತದೆ. ನಲ್ಲಿ ತಿರುಗಿಸಿದರೆ ಸುಮ್ಮನಾಗುತ್ತದೆ. "ಗ್ಯಾಸಿನ ಒಲಿ ಹಾರಸ್ತಾಳಂತ" ಎಂದು ಓಣಿಯವರು ನಕ್ಕಾಗಲೂ ನೀವು ಆ ನಲ್ಲಿಯನ್ನು ಬಿಡಲಿಲ್ಲ. ನಿಲ್ಲಿಸಬಲ್ಲ ಒಂದು ನಲ್ಲಿಗಾಗಿ ಎತ್ತರವನ್ನು ಕೈಯಾರೆ ಬಿಟ್ಟುಕೊಡಲು ಎಂಥ ಧೈರ್ಯ ಬೇಕು! ನನಗಿದೆಯೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನೀವು ಹಾಕಿಕೊಟ್ಟ ಪದ್ಧತಿಯೂ ಉಳಿದಿದೆ. ಕಟ್ಟಿದವರು ನಲ್ಲಿ ಹಿಡಿಯುವಂತಿಲ್ಲ, ಅವರ ಮನೆಯವರು ಹಿಡಿಯಬೇಕು. ನಿಮಗೆ ನಿಮ್ಮ ಅತ್ತೆ ಬಸಲಿಂಗವ್ವ. ನಾಳೆ, ತಾನೇ ಕಟ್ಟಿದ ಜಿಗಿಯ ಪರೀಕ್ಷೆಯಲ್ಲಿ, ನನ್ನ ಮಗಳು ಮೇಖಲೆಗೆ ನಾನು. ನೆಲಕ್ಕೆ ಬಿಗಿದ ಜಿಗಿಯೊಳಗೆ ಕೂತು ಅವಳು ಹೊತ್ತಿಸುತ್ತಾಳೆ. ನಾನು ಬೇಗ ನಿಲ್ಲಿಸಿದರೆ ಪರೀಕ್ಷೆಯಲ್ಲಿ ಸೋತಂತೆ, ಮತ್ತೆ ಸರದಿ ಬರಲು ವರ್ಷವಾಗುತ್ತದೆ. ತಡಮಾಡಿದರೆ ಏನಾಗುತ್ತದೆಂದು ಬರೆಯಲಾರೆ. ಊಟಕ್ಕೆ ಕೂತಾಗ ಅವಳು ಅಂದಳು: "ಅವ್ವಾ, ಜಿಗಿ ನಡುಗಿದರೆ ನಿಲ್ಲಿಸು. ನೀನು ನಡುಗಿದರೆ ನಿಲ್ಲಿಸಬೇಡ." ಆ ಕ್ಷಣದಲ್ಲಿ ಎರಡನ್ನೂ ಬೇರೆ ಮಾಡಬಲ್ಲೆನೇ? ಗೊತ್ತಿಲ್ಲ.

ಒಂದು ಬೇಡಿಕೆ. ಬರುವ ವಾರದ ರಾಕೆಟ್ ಸ್ಪರ್ಧೆಯಲ್ಲಿ, ನೆಲಕ್ಕೆ ಬಿಗಿದ ರಾಕೆಟ್ ಹೊತ್ತಿಸಿ ನೀವು ಪಕ್ಕದಲ್ಲೇ ನಿಂತಿರುವಾಗ, ಎಲ್ಲರೆದುರು, ಬಸಲಿಂಗವ್ವ ನಲ್ಲಿಯನ್ನು ಬೇಗ ತಿರುಗಿಸಿಬಿಡುತ್ತಾರೆ. ನೀವು ಸೋಲುತ್ತೀರಿ. ಬಿಚ್ಚಿ ನೋಡಿದರೆ ಒಳಗೆ ಏನೂ ಕೆಟ್ಟಿರುವುದಿಲ್ಲ. "ರಾಕೆಟ್ ಇನ್ನೊಂದ ಮಾಡಾಕ ಬರತೈತವ್ವಾ, ನಿನ್ನ ಎಲ್ಲಿಂದ ತರಲಿ?" ಎಂದಷ್ಟೇ ಅವರು ಹೇಳುತ್ತಾರೆ. ಅದಾದ ಮೇಲೆ ನೀವು ಅವರೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟಿರಿ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ.

ಮೊದಲೇ ಗೊತ್ತಾಯಿತೆಂದು ನಲ್ಲಿಯನ್ನು ಬೇರೆಯವರ ಕೈಗೆ ಕೊಡಬೇಡಿ. ಸೋಲಿರಿ. ಆದರೆ ಅವತ್ತೇ ಅತ್ತೆಯ ಪಕ್ಕ ಕೂತು ಚಹಾ ಕುಡಿಯಿರಿ. ನಮ್ಮ ಮನೆಗೆ ಆ ಕತೆ ಹಾಗೆ ಇಳಿದುಬಂದರೆ, ನಾಳೆ ನಾನು ಬೇಗ ನಿಲ್ಲಿಸಿಬಿಟ್ಟರೂ ಮೇಖಲೆ ನನ್ನ ಜೊತೆ ಊಟಕ್ಕೆ ಕೂರುತ್ತಾಳೆ.

ನಿಮ್ಮವಳೇ,
ಇರಾವತಿ