ನಾನು ಹೇಳದೆ ಬಿಟ್ಟ ಅಮೃತಬಳ್ಳಿ

ಚಿರಂಜೀವಿ ಡಾಕ್ಟರ್ ಯಮುನಾಗೆ ಆಶೀರ್ವಾದಗಳು.

ನಿನ್ನೆ ನನ್ನ ತಂಗಿ ಆಂಡಾಳನ್ನು ಪರೀಕ್ಷಿಸುವಾಗ ನೀನು, "ಮಿಸ್, ಮನೇಲಿ ಕಷಾಯ ಗಿಷಾಯ ಏನಾದ್ರೂ ಕೊಡ್ತಿದ್ರಾ?" ಎಂದು ಕೇಳಿದೆ. "ಇಲ್ಲಮ್ಮ" ಎಂದೆ. ಅದು ಸುಳ್ಳು. ನನ್ನ ವಿದ್ಯಾರ್ಥಿನಿಯ ಮುಂದೆ ಒಪ್ಪಿಕೊಳ್ಳಲು ನಾಲಗೆ ಏಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮಲ್ಲೇಶ್ವರದ ನಮ್ಮ ಮನೆಯ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯ ಕಷಾಯವನ್ನು, ಅವಳ ಮಂಡಿನೋವಿಗೆಂದು, ಐದು ತಿಂಗಳಿಂದ ಪ್ರತಿದಿನ ಕುಡಿಸಿದ್ದೇನೆ. "ಅಕ್ಕಾ, ವಾಕರಿಕೆ ಬರತ್ತೆ ಕಣೇ, ಸಾಕು" ಎಂದು ಅವಳು ಎರಡು ವಾರದ ಹಿಂದೆಯೇ ಗೋಗರೆದಳು. "ಸುಮ್ನೆ ಬಾಯಿ ತೆಗಿ" ಎಂದು ಗದರಿಸಿದೆ. ಕಣ್ಣು ಹಳದಿಯಾದ ಮೇಲೂ, ಕಾಮಾಲೆಗೆ ಒಳ್ಳೆಯದೆಂದು, ಆಸ್ಪತ್ರೆಗೇ ಮೂರು ದಿನ ಫ್ಲಾಸ್ಕಿನಲ್ಲಿ ತಂದೆ.

ನಿನ್ನೆ ಸಂಜೆ ವೈದ್ಯಕೀಯ ಲೇಖನಗಳನ್ನು ಹುಡುಕಿ ಓದಿದೆ. ಬಳ್ಳಿಯ ಗುಣಗಳನ್ನು ಹೇಳುವ ಅಧ್ಯಯನಗಳ ಜೊತೆಗೆ, ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಎಲ್ಲರೂ ಅಲ್ಲ. ಆ ಸಾಲನ್ನು ದಾಟಿ ಓದಲು ನನ್ನಿಂದಾಗಲಿಲ್ಲ.

ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯೂ ಉಂಟಂತೆ. ನಾನು ಬಳಸಿದ್ದರ ಎಲೆ, ಕಾಂಡ ಎರಡನ್ನೂ ಈ ಪತ್ರದೊಡನೆ ನರ್ಸ್ ಕೈಯಲ್ಲಿ ಕಳುಹಿಸಿದ್ದೇನೆ. ದಯವಿಟ್ಟು ತಿಳಿದವರಿಗೆ ತೋರಿಸು. ಕೇಸ್ ಶೀಟಿನಲ್ಲಿ "ಐದು ತಿಂಗಳು" ಎಂದೇ ಬರೆ.

ಇಂದು ಕಷಾಯ ತರಲಿಲ್ಲ. ಆಂಡಾಳ್ ನನ್ನ ಬರಿಗೈ ನೋಡಿ, "ಯಾಕಕ್ಕಾ, ಇವತ್ತು ಕಷಾಯ ಇಲ್ವಾ? ಅದು ಕುಡಿದ್ರೆ ತಾನೇ ನಾನು ಹುಷಾರಾಗೋದು?" ಎಂದಳು.

ಅವಳಿಗೆ ನಾನೇ ಹೇಳಬೇಕು. ಹೇಳುವಾಗ ನೀನು ಪಕ್ಕದಲ್ಲಿ ನಿಂತಿರುತ್ತೀಯಾ? ವಾರ್ಡಿನ ಹೊರಗೇ ಕುಳಿತಿದ್ದೇನೆ.

ನಿನ್ನ ಹಳೆಯ ಮಿಸ್,
ಕನಕವಲ್ಲಿ