ನಿಮ್ಮ ಸೊಸೆ ಕಡೆದ ಕಾಟವಟ

ಅತ್ತೀ,

ಕೂತುಕೊಂಡು ಓದಿ, ಅವಸರ ಬೇಡ. ಈಗ ನಿಮಗೆ ಒಲೆಯ ಮೇಲೆ ಹಾಲಿಟ್ಟ ಚಿಂತೆಯಿಲ್ಲ. ಸೊಸೆ ಹಿಟ್ಟು ಗಟ್ಟಿಯಾಗಿ ಕಲಸಿದಳೋ ಸಡಿಲವಾಗಿ ಕಲಸಿದಳೋ ಎಂದು ಅಡುಗೆಮನೆಗೆ ಇಣುಕುವ ಕೆಲಸವೂ ಇಲ್ಲ. ಇಷ್ಟು ವರ್ಷ ನೀವು ಹೇಳಿದ್ದನ್ನು ನಾನು ಕೇಳಿದೆ. ಇವತ್ತು ಒಂದು ಸಲ ನನ್ನದನ್ನು ನೀವು ಕೇಳಬೇಕು. ಹೆದರಬೇಡಿ, ಒಳ್ಳೆಯ ಸುದ್ದಿಯೇ.

ನಾನು ಕಬನೂರಿನ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ನೆನಪಿದೆಯೇ? ನಾನು ಬಡಿದ ಮೊದಲ ರೊಟ್ಟಿಯನ್ನು ನೀವು ಎರಡು ಬೆರಳಲ್ಲಿ ಎತ್ತಿ ಹಿಡಿದು, ಪಂಕ್ತಿಯಲ್ಲಿ ಕೂತವರಿಗೆಲ್ಲ ತೋರಿಸಿ, ಇದು ಯಾವ ದೇಶದ ನಕಾಶೆ ಎಂದು ಕೇಳಿದ್ದಿರಿ. ಆಮೇಲೆ ನನ್ನ ಕಡೆ ತಿರುಗಿ, “ಸುನಂದಾ, ನಿನ್ನ ಕೈಯಾಗ ಏನೂ ಗುಂಡಗ ಬರೂದಿಲ್ಲ ನೋಡ” ಅಂದಿರಿ. ಆ ಮಾತು ದಾನೋಳಿಯ ನಿಮ್ಮ ತವರಿಗೂ ಹೋಯಿತು, ಗಡಹಿಂಗ್ಲಜದ ನಿಮ್ಮ ಮಗಳು ರತ್ನಕ್ಕನ ಮನೆಗೂ ಹೋಯಿತು. ಯಾವ ಮದುವೆಗೆ ಹೋದರೂ ನನ್ನ ರೊಟ್ಟಿಯ ಸುದ್ದಿ ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತಿತ್ತು. ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು. ಈಗಲೂ ಸ್ವಲ್ಪ ಉಳಿದಿದೆ.

ನಿಮ್ಮ ಕಾಟವಟವಂತೂ ನಮ್ಮ ಮನೆಯ ಇನ್ನೊಬ್ಬ ಹಿರಿಯರಿದ್ದ ಹಾಗೆ ಇತ್ತು. ಅಗಲವಾದ ಆ ಮರದ ಬಟ್ಟಲಲ್ಲೇ ಹಿಟ್ಟು ನಾದಬೇಕು, ಅದರಲ್ಲೇ ರೊಟ್ಟಿ ಬಡಿಯಬೇಕು. ಮದುವೆಯಾಗಿ ಬರುವಾಗ ಅದರ ತುಂಬ ಜೋಳದ ಹಿಟ್ಟು ತುಂಬಿಕೊಂಡು ಸೊಂಟದ ಮೇಲೆ ಇಟ್ಟುಕೊಂಡು ಬಂದಿದ್ದಿರಂತೆ. ರತ್ನಕ್ಕನ ಮದುವೆಗೂ ದಾನೋಳಿಯ ಬಡಿಗೇರರಿಂದ ಒಂದು ಮಾಡಿಸಿ ಕೊಟ್ಟಿರಿ. ನಮ್ಮ ಮನೆಯ ಮಗಳು ಗಂಡನ ಮನೆಗೆ ಹೋಗುವಾಗ ಕಾಟವಟ ಹೋಗಲೇಬೇಕು, ಅದೂ ಒಂದೇ ಕಟ್ಟಿಗೆಯದ್ದಾಗಿರಬೇಕು. ಜೋಡಿಸಿದ್ದನ್ನು, ಅಂಟು ಹಾಕಿದ್ದನ್ನು ಕೊಡಬಾರದು, ಅದು ಮನೆ ಒಡೆಯುವ ಲಕ್ಷಣ ಎನ್ನುತ್ತಿದ್ದಿರಿ. ನಿಮ್ಮದು ನಿಮ್ಮ ಕಾಲದಲ್ಲೇ ಸೀಳು ಬಿಟ್ಟು, ತಗಡಿನ ಪಟ್ಟಿ ಬಡಿಸಿಕೊಂಡು ಹೇಗೋ ದಿನ ತಳ್ಳುತ್ತಿತ್ತು. ಹಾಗಿರುವಾಗ ನನ್ನ ಮಗಳು, ನಿಮ್ಮ ಮೊಮ್ಮಗಳು ಸನ್ಮತಿಗೆ ಏನು ಕೊಡುವುದು?

ಸನ್ಮತಿಯ ನಿಶ್ಚಿತಾರ್ಥ, ಸಾಖರಪುಡಾ ಆಯಿತು ಅತ್ತೀ, ಯುಗಾದಿ ಕಳೆದ ಮೇಲೆ. ನೀವು ಹೋಗಿ ವರ್ಷ ತುಂಬಿತ್ತು. ಹುಡುಗ ಶಿರೋಳದವನು. ಕಬ್ಬು, ದ್ರಾಕ್ಷಿ ಎರಡೂ ಇದೆ, ಮಾತು ಕಡಿಮೆ. ಬೀಗರೆಲ್ಲ ಕೂತು ಚಹಾ ಕುಡಿಯುತ್ತಿದ್ದಾಗ ರತ್ನಕ್ಕ ನಿಟ್ಟುಸಿರುಬಿಟ್ಟು, ಅವ್ವ ಇದ್ದಿದ್ದರೆ ಕಾಟವಟ ಮಾಡಿಸುತ್ತಿದ್ದಳು, ಈಗ ಮಾಡುವವರು ಯಾರಿದ್ದಾರೆ, ಹಿಟ್ಟು ಕಲಸಲು ಸ್ಟೀಲಿನ ಪರಾತವೇ ಗತಿ ಎಂದಳು. ನನಗೆ ಏನಾಯಿತೋ... ಬಾಯಿಗೆ ಬಂದದ್ದು ಹೊರಗೆ ಬಿತ್ತು. “ಸ್ಟೀಲ್ ಯಾಕ? ಕಾಟವಟ ನಾನs ಕಡೀತೇನಿ” ಅಂದೆ.

ಎಲ್ಲರೂ ನಕ್ಕರು. ನಿಮ್ಮ ಮಗನಿಗೆ ಚಹಾ ನೆತ್ತಿಗೇರಿತು. ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸನ್ಮತಿ ಒಬ್ಬಳೇ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗಾಗಿಯಾದರೂ ಆಡಿದ ಮಾತು ಉಳಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ತಾಯಿ ಬಡಾಯಿ ಕೊಚ್ಚಿದಳು, ಮಗಳು ಪರಾತ ಹಿಡಿದುಕೊಂಡು ಬಂದಳು ಎಂದು ಶಿರೋಳದಲ್ಲಿ ಜನ್ಮಪೂರ್ತಿ ಕೇಳಬೇಕಾಗುತ್ತಿತ್ತು. ಮದುವೆ ಸಂಕ್ರಾಂತಿಯ ನಂತರ ಎಂದು ನಿಶ್ಚಯವಾಯಿತು.

ರಸೂಲ ಚಾಚಾ ನೆನಪಿದ್ದಾರಲ್ಲ? ನಮ್ಮ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳು ಓಡುತ್ತಿದ್ದ ಕಾಲದಲ್ಲಿ ಓಣಿಗೆಲ್ಲ ಮಗ್ಗದ ಕಟ್ಟಿಗೆ ಸಾಮಾನು ಕಡೆದು ಕೊಡುತ್ತಿದ್ದವರು. ಈಗ ಕೊಲ್ಲಾಪುರದಲ್ಲಿ ತೊಟ್ಟಿಲು, ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಾರೆ. ಬಸ್ಸು ಹತ್ತಿ ಅವರ ಅಂಗಡಿಗೆ ಹೋದೆ. ನಿಮ್ಮ ಹೆಸರು ಹೇಳಿದ್ದೇ ತಡ, ನಗಲು ಶುರುಮಾಡಿದರು. ನೂಲು ಸುತ್ತುವ ಕಾಂಡಿಯ ಕಟ್ಟಿಗೆ ಒರಟಾಗಿದೆ, ನೂಲು ಹರಿಯುತ್ತದೆ ಎಂದು ನೀವು ಅವರ ಜೊತೆ ಜಗಳ ತೆಗೆದದ್ದು ಅವರಿಗೆ ಮರೆತಿಲ್ಲ. ಪದ್ಮಾವ್ವನ ಸೊಸೆ ಅಂದರೆ ಬಿಡುವವಳಲ್ಲ ಎಂದುಕೊಂಡರೋ ಏನೋ, ಕಲಿಸುತ್ತೇನೆ ಎಂದರು. ಆದರೆ ಮೊದಲು ಕೈಬಳೆ ತೆಗೆ ಅಂದರು.

ನಾನು ತೆಗೆಯಲಿಲ್ಲ. ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗೈಯಲ್ಲಿ ನಿಂತರೆ ನೀವು ಅಲ್ಲಿಂದಲೇ ಎದ್ದು ಬರುತ್ತಿದ್ದಿರಿ. ಬಳೆ ಇದ್ದರೆ ಮಶೀನು ಚಾಲೂ ಮಾಡುವುದಿಲ್ಲ ಎಂದು ಅವರೂ ಹಟಕ್ಕೆ ಬಿದ್ದರು. ಕೊನೆಗೆ ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಮೇಲೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಂಡೆ. ಸೆರಗು ಸೊಂಟಕ್ಕೆ ಬಿಗಿದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಸ್ತಿಗೆ ಇಳಿದವಳ ಹಾಗೆ ಕಾಣುತ್ತೀ ಎಂದರು. ಅವತ್ತಿನಿಂದ ಅದೇ ನನ್ನ ವೇಷವಾಯಿತು.

ಲೇಥಿನ ಮೇಲೆ ಕಟ್ಟಿಗೆ ಗರಗರ ತಿರುಗುತ್ತಿರುತ್ತದೆ, ನಾವು ಉಳಿಯನ್ನು ಕಬ್ಬಿಣದ ಕಟ್ಟೆಯ ಮೇಲೆ ಊರಿ ಹಿಡಿದು ಕಡೆಯಬೇಕು. ನೋಡಲು ಇಷ್ಟೇ. ಆದರೆ ಮಗ್ಗ ನಡೆಸಿದ ಕೈ ನನ್ನದು. ಎಳೆ ಹರಿದ ಸದ್ದಾದರೆ ಎಡಗೈ ತಾನಾಗಿ ಮಗ್ಗ ನಿಲ್ಲಿಸುವ ಹಿಡಿಕೆಗೆ ಹಾರುತ್ತದೆ, ನಿಮಗೂ ಹಾಗೇ ಆಗುತ್ತಿತ್ತಲ್ಲ? ಇಲ್ಲಿಯೂ ಉಳಿ ಟಕ್ ಎಂದು ಕಚ್ಚಿದ ಕೂಡಲೇ ಎಡಗೈ ಉಳಿ ಬಿಟ್ಟು, ಇಲ್ಲದ ಹಿಡಿಕೆಯನ್ನು ಹುಡುಕಿಕೊಂಡು ಹೋಯಿತು. ಉಳಿ ಒಳಗೆ ಹೊಕ್ಕು, ಕಟ್ಟಿಗೆ ಕಿತ್ತುಕೊಂಡು ಹಾರಿ ಗೋಡೆಗೆ ಬಡಿಯಿತು. ಒಂದಲ್ಲ, ಎಷ್ಟೋ ಸಲ ಹೀಗಾಯಿತು. ಚಾಚಾ ಬೈಯಲಿಲ್ಲ. ಉಳಿಯ ಆವಾಜು ಕೇಳು, ಕಚ್ಚುವ ಮೊದಲೇ ಅದು ಹೇಳುತ್ತದೆ ಎಂದರು. ಕೇಳುವುದೆಲ್ಲಿಂದ? ಮಗ್ಗದ ಸದ್ದು ನನ್ನ ಅರ್ಧ ಕಿವಿ ತಿಂದುಹಾಕಿದೆ. ನಾಚಿಕೆ ಬಿಟ್ಟು ಹಾಗೆಂದು ಹೇಳಿದೆ. ಅವರು ಉಳಿಯ ಹಿಡಿಕೆಯನ್ನು ನನ್ನ ಅಂಗೈಗೆ ಒತ್ತಿ, “ಹಂಗಾದ್ರ ಅಂಗೈಲೇ ಕೇಳವಾ ತಂಗಿ” ಅಂದರು.

ಅದು ಬಂತು ಅತ್ತೀ! ಉಳಿಯ ಬೆನ್ನು ಮೊದಲು ಮರಕ್ಕೆ ತಾಗಬೇಕು, ಬಾಯಿ ಆಮೇಲೆ. ಹಾಗೆ ಹಿಡಿದಾಗ ಹಿಡಿಕೆಯಲ್ಲಿ ಬರುವ ನಡುಕವೇ ಬೇರೆ, ಕಚ್ಚಲು ಹೊಂಚುವಾಗಿನ ನಡುಕವೇ ಬೇರೆ. ಅದು ಅಂಗೈಗೆ ತಿಳಿದ ದಿನ ಮಾವಿನ ಕಟ್ಟಿಗೆಯಿಂದ ಉದ್ದುದ್ದ ಸಿಪ್ಪೆ ಸುರುಳಿಯಾಗಿ ನನ್ನ ಕಾಲ ಮೇಲೆ ಬಿತ್ತು. ಒಂದು ಬಟ್ಟಲಾಯಿತು. ಗುಂಡಗೆ! ಬಸ್ಸಿನಲ್ಲಿ ಕೊಲ್ಲಾಪುರದಿಂದ ಇಚಲಕರಂಜಿಯವರೆಗೆ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ವಾರ ಕಳೆಯುವುದರೊಳಗೆ ಅದು ಸೊಟ್ಟಗಾಯಿತು. ಹಸಿ ಕಟ್ಟಿಗೆ ಒಣಗುವಾಗ ಒಂದು ಕಡೆಗೆ ಹೆಚ್ಚು ಕುಗ್ಗುತ್ತದಂತೆ. ನಿಮ್ಮ ಮಾತು ಮರದವರೆಗೂ ಮುಟ್ಟಿತ್ತೇ ಎಂದು ನಿಮ್ಮ ಫೋಟೋದ ಮುಂದೆ ನಿಂತು ಕೇಳಿದೆ. ನೀವು ಎಂದಿನಂತೆ ನನ್ನ ಹೆಗಲ ಮೇಲಿಂದ ಅಡುಗೆಮನೆಯ ಕಡೆ ನೋಡುತ್ತಿದ್ದಿರಿ.

ಅದಕ್ಕೂ ಉಪಾಯವಿತ್ತು. ಮೊದಲು ದಪ್ಪಗೆ ಕಡೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಲು ಬಿಟ್ಟು, ಸೊಟ್ಟಗಾದ ಮೇಲೆ ಎರಡನೇ ಸಲ ಕಡೆಯಬೇಕು. ಅಂದರೆ ಮಳೆಗಾಲಕ್ಕೆ ಮೊದಲೇ ಕಾಟವಟದ ಕಟ್ಟಿಗೆ ಲೇಥಿಗೆ ಏರಬೇಕಿತ್ತು. ನಿಮ್ಮ ಮಗ ಖಾಲಿ ಶೆಡ್ಡಿನಲ್ಲಿ, ಮಾರದೆ ಉಳಿಸಿದ್ದ ಮಗ್ಗದ ಮೋಟರನ್ನೇ ಕೂರಿಸಿ ನನಗೊಂದು ಲೇಥ್ ನಿಲ್ಲಿಸಿಕೊಟ್ಟರು. ಬಾಯಲ್ಲಿ ಮಾತ್ರ, ಹುಚ್ಚು ಬಿಡುವವರೆಗೆ ಇರಲಿ ಎನ್ನುತ್ತಿದ್ದರು. ಚಾಚಾ ಅಗಲವಾದ ಜಾಲಿಯ ತುಂಡೊಂದನ್ನು ಕಳಿಸಿದರು. ಕಲ್ಲಿನ ಹಾಗಿತ್ತು, ಕೆಂಪಗೆ, ಭಾಳ ಚೆಂದ. ತಿರುಗಿಸಿ ನೋಡಿದರೆ ಒಂದು ಅಂಚಿನಲ್ಲಿ ಸಣ್ಣ ಸಣ್ಣ ತೂತು, ಒಳಗೆ ಹುಳು ಅಲುಗಾಡುತ್ತಿದ್ದವು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಜೋಳದಲ್ಲಿ ಹುಳು ಕಂಡರೆ ನೆರಳಲ್ಲಿ ಹರವಿ, ಅವು ತಾವಾಗಿ ಹೊರಡುವವರೆಗೆ ಕಾಯಬೇಕೆಂದು ಕಲಿಸಿದವರು ನೀವು. ಜೀವವಿರುವ ಕಟ್ಟಿಗೆಗೆ ಉಳಿ ಹಚ್ಚಲು ನನ್ನ ಕೈ ಬರಲಿಲ್ಲ. ತುಂಡನ್ನು ಮಾಳಿಗೆಯ ಮೇಲೆ ಗೋಡೆಯ ನೆರಳಿಗೆ ಇಟ್ಟು, ಬಸದಿಗೆ ಹೋಗಿ ಬಂದೆ. ನೆರಳು ನನಗಾಗಿ ನಿಲ್ಲುತ್ತದೆಯೇ? ವೈಶಾಖದ ಬಿಸಿಲು ಕಟ್ಟಿಗೆಯ ಮೇಲೆ ಬಿದ್ದು, ಮಧ್ಯದಲ್ಲಿ ಈ ತುದಿಯಿಂದ ಆ ತುದಿಗೆ ಸೀಳಿತ್ತು. ಚಾಚಾ ಬಂದು ನೋಡಿ, ಹಣೆ ಉಜ್ಜಿಕೊಂಡು, “ತಂಗಿ, ಹುಳಾನೂ ಹೋದ್ವು, ಕಟ್ಟಿಗೀನೂ ಹೋತು” ಅಂದರು. ಅವತ್ತು ಅತ್ತೀ ಎಂದು ಕರೆಯಲು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಅತ್ತೆ. ನೀವು ಬೈದಿದ್ದರೂ ಸಾಕಿತ್ತು.

ಆದರೆ ಬಿಡುವವಳಲ್ಲ ಎಂದು ಚಾಚಾ ಆಗಲೇ ಅಂದುಕೊಂಡಿದ್ದರಲ್ಲ. ಮರುದಿನವೇ ಗಡಹಿಂಗ್ಲಜದ ಕಟ್ಟಿಗೆ ಅಡ್ಡೆಗೆ ಹೋದೆ. ಒಂದೊಂದು ದಿಮ್ಮಿಯ ಅಂಚನ್ನೂ ಕನ್ನಡಕ ಹಾಕಿಕೊಂಡು ನೋಡಿದೆ. ಹುಳು ಹುಡುಕುತ್ತೀರೋ ಕಟ್ಟಿಗೆ ಒಯ್ಯುತ್ತೀರೋ ಎಂದು ಅಡ್ಡೆಯವನು ಕೇಳಿದ. ಎರಡೂ ಎಂದೆ. ಚೊಕ್ಕ ಜಾಲಿ ಸಿಕ್ಕಿತು. ಮೃಗಶಿರ ಮಳೆಗೆ ಮೊದಲು ದಪ್ಪಗೆ ಕಡೆದು, ಅದರದೇ ಸಿಪ್ಪೆಯಲ್ಲಿ ಹುಗಿದು, ಗೋಣಿಚೀಲ ಹೊದಿಸಿ ಶೆಡ್ಡಿನ ಮೂಲೆಯಲ್ಲಿ ಇಟ್ಟೆ. ರತ್ನಕ್ಕ ಫೋನು ಮಾಡಿದಾಗಲೆಲ್ಲ, ಕಾಟವಟ ಎಲ್ಲಿಯವರೆಗೆ ಬಂತು ಎಂದು ಕೇಳಿ ನಗುತ್ತಿದ್ದಳು. ಮಲಗಿದೆ, ಎಬ್ಬಿಸಬೇಡ ಎನ್ನುತ್ತಿದ್ದೆ. ದೀಪಾವಳಿ ಕಳೆದು ಮತ್ತೆ ಲೇಥಿಗೆ ಏರಿಸಿದೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆ ನಮ್ಮದು, ಅವತ್ತು ಮಾತ್ರ ನಿಮ್ಮ ಮಗನೇ ಒಲೆ ಹಚ್ಚಿದರು. ಕೊನೆಯ ಸುತ್ತು ಕಡೆದು, ಶೇಂಗಾದೆಣ್ಣೆ ಹಚ್ಚಿ, ಮೋಟರು ಬಂದ್ ಮಾಡಿದೆ. ಒಳಗೆಲ್ಲ ಅಂಗೈ ಆಡಿಸಿದೆ. ಎಲ್ಲಿಯೂ ತಡೆಯಲಿಲ್ಲ. ಸೀಳಿಲ್ಲ, ಜೋಡಿಲ್ಲ, ಒಂದೇ ಕಟ್ಟಿಗೆ. ನಾನು ಶೆಡ್ಡಿನಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಇನ್ನು ಉಳಿದದ್ದು ಹೆಸರು. ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಹಾಕಿಸದೆ ಹೇಗೆ? ನಿಮ್ಮ ಮಗ ತಮ್ಮ ಹೆಸರು ಹಾಕು ಎಂದರು, ರೂಢಿ ಹಾಗೇ ಇದೆ. ನಾನು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ನೋಡಿದೆ. ಹಂಡೆಯ ಮೇಲೆ ಮಾವನವರ ಹೆಸರು, ಕೊಳಗದ ಮೇಲೆ ಮಾವನವರ ಹೆಸರು. ತವರಿನಿಂದ ಬಂದ ತಂಬಿಗೆಯ ಮೇಲೆ ನಿಮ್ಮಪ್ಪನ ಹೆಸರು. ದಿನಾ ಅವನ್ನು ತಿಕ್ಕಿ ಬೆಳಗಿದ್ದು ನೀವು. ನಿಮ್ಮ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ನಾನು ದಬ್ಬಣ ಕಾಯಿಸಿ, ಕಾಟವಟವನ್ನು ಬೋರಲು ಹಾಕಿಕೊಂಡು, ತಳದ ಮೇಲೆ ಸುಟ್ಟು ಬರೆದೆ. ನಿಮಗೆ ಓದಲು ಬರುತ್ತಿದ್ದದ್ದು ಕನ್ನಡ ಅಕ್ಷರ ಮಾತ್ರ, ಅದಕ್ಕೆ ಕನ್ನಡದಲ್ಲೇ ಬರೆದೆ. ಯಾರಿಗೂ ಹೇಳಲಿಲ್ಲ.

ಮದುವೆಯ ದಿನ ಹಿಟ್ಟು ತುಂಬುವ ಮೊದಲು ರತ್ನಕ್ಕ ಅದನ್ನು ಎಲ್ಲರ ಮುಂದೆ ತೊಡೆಯ ಮೇಲೆ ತೆಗೆದುಕೊಂಡಳು. ಒಳಗೆ ನೋಡಿದಳು, ಅಂಚು ಸವರಿದಳು. ಕೊಂಕು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಸಿಗಲಿಲ್ಲ. ಕೊನೆಗೆ ಬೋರಲು ಹಾಕಿ ತಳ ನೋಡಿದಳು. ಓದಿದಳು. ಮತ್ತೆ ಬೆರಳಿಟ್ಟು ಓದಿದಳು. ಆಮೇಲೆ ಬೀಗಿತ್ತಿಯನ್ನು ಹತ್ತಿರ ಕರೆದು, ಮರಾಠಿ ಶಾಲೆ ಕಲಿತ ಅವರಿಗೆ ಕನ್ನಡ ಓದಲು ಬಾರದಲ್ಲ, ತಾನೇ ದೊಡ್ಡ ದನಿಯಲ್ಲಿ ಓದಿ ಹೇಳಿದಳು: “ಪದ್ಮಾವ್ವನ ಸೊಸಿ ಸುನಂದಾ ಕಡೆದದ್ದು.”

ಆಮೇಲೆ ನನ್ನ ಕೈ ಹಿಡಿದುಕೊಂಡು, “ವೈನಿ, ನಮ್ಮವ್ವನ ಹೆಸರ ಒಂದ ಭಾಂಡೇದ ಮ್ಯಾಲ ನಾ ಇವತ್ತs ನೋಡಿದ್ದು” ಅಂದಳು. ಆ ಕೈ ಭಾಳ ಹೊತ್ತು ಬಿಡಲಿಲ್ಲ.

ಸನ್ಮತಿ ಈಗ ಶಿರೋಳದಲ್ಲಿ ದಿನಾ ನಿಮ್ಮ ಹೆಸರಿನ ಮೇಲೆ ಹಿಟ್ಟು ನಾದುತ್ತಾಳೆ. ರತ್ನಕ್ಕ ತನ್ನ ಮಗಳಿಗೂ ಒಂದು ಕಾಟವಟ ಬೇಕೆಂದು ಈಗಲೇ ನನಗೆ ಹೇಳಿಟ್ಟಿದ್ದಾಳೆ. ಕಟ್ಟಿಗೆ ಬಂದು ಶೆಡ್ಡಿನಲ್ಲಿ ಕೂತಿದೆ, ಹುಳುವಿಲ್ಲ, ನೋಡಿದ್ದೇನೆ. ಅದರ ತಳಕ್ಕೂ ನಿಮ್ಮ ಹೆಸರೇ ಮೊದಲು ಬರುತ್ತದೆ ಅತ್ತೀ, ನನ್ನದು ಆಮೇಲೆ.

ನಿಮ್ಮ
ಸುನಂದಾ