ಅಂಬಾಸಿಡರ್ ಹೊರಡುವ ಮುನ್ನಾದಿನ

ಪ್ರಿಯ ಅಮಾತೆಪ್ಪ,

ಸತ್ತವರಿಗೆ ಪಿನ್‌ಕೋಡ್ ಕೊಡದ ಅಂಚೆ ಇಲಾಖೆಯ ಮೇಲೆ ನನಗೆ ಘನವಾದ ಆಕ್ಷೇಪವಿದೆ. ಆದರೂ ಇಂದಿನ ವರದಿ ಒಪ್ಪಿಸುತ್ತಿದ್ದೇನೆ.

ಕುಳಗೇರಿ ಕ್ರಾಸಿನಿಂದ ನೀನು ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರನ್ನು ನಾಳೆ ಹುನಗುಂದದ ಗಿರಾಕಿಯೊಬ್ಬ ಖರೀದಿಸಿ ಒಯ್ಯುತ್ತಾನೆ. ನಿಮ್ಮವ್ವ ಕಾಳವ್ವನಿಗೆ ಸಮಾಧಾನವಾಗಲೆಂದು ಟಿವಿಯಲ್ಲಿ ಒಂದು ಇಂಗ್ಲಿಷ್ ಕಾರ್ಯಕ್ರಮ ತೋರಿಸಿದೆ. ಅದರಲ್ಲಿ ಹಳೆ ಕಾರು ಕೊಂಡು, ಹೊಸದು ಮಾಡಿ, ಮಾರುತ್ತಾರೆ. ಅರ್ಥ ಹೇಳುವ ಮಹಾವಿದ್ವಾಂಸ ನಿನ್ನ ಗೆಳೆಯನಾದ ನಾನೇ.

"ಮುದಿ ಗಾಡಿಗೆ ಜೀವಾ ಕೊಡ್ತಾರಬೇ," ಎಂದೆ.

"ಕೊಡ್ಲಿ, ಪುಣ್ಯಾ ಬರ್ಲಿ."

ಅಷ್ಟರಲ್ಲಿ ಗಡ್ಡದ ಮಿಸ್ತ್ರಿ ಡ್ರೈವರ್ ಸೀಟು ಕಿತ್ತು ಹೊರಗೆಸೆದ. ಕಾಳವ್ವ ಎದ್ದು ನಿಂತು ಟಿವಿಗೇ ಬೈದಳು: "ಏ ಖೋಡಿ, ಅದನ್ನ ಒಗೀಬ್ಯಾಡೋ! ಕುಂತಾಂವನ ತಗ್ಗು ಇರ್ತೈತಿ ಅದರಾಗ!"

ನನ್ನತ್ತ ತಿರುಗಿದಳು. "ಏನಂದಾ ಅಂವಾ?"

"ಸೀಟು ಜ್ವಾಕಿಲೇ ಇಡ್ತೇನಿ ಅಂದ," ಎಂದು ಭಾಷಾಂತರಿಸಿದೆ.

ಅವಳು ಕುಳಿತಳು. ಪರದೆಯ ಮೇಲೆ ಹೊಳೆಯುವ ಹೊಸ ಸೀಟು ಬಂತು. ನಾನು ಗಡಬಡಿಸಿ ಟಿವಿ ಬಂದ್ ಮಾಡಿ, "ಕರೆಂಟ್ ಹೋತಬೇ," ಎಂದೆ.

"ಹೂಂ, ಹೋತು," ಎಂದಳು ಕಾಳವ್ವ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ.